ಇಂಗಾಲದ ಮರುಬಳಕೆ: ಎಲೆ, ರಕ್ತ, ಸೂಕ್ಷ್ಮಜೀವಿ ಕಲಿಸಿದ ರಸಾಯನಶಾಸ್ತ್ರ

(ವಿಜ್ಞಾನ ದತ್ತಿ ಉಪನ್ಯಾಸದ ಪಠ್ಯ)



ತಲೆನೋವಿಗೆ ನುಂಗುವ ಆಸ್ಪಿರಿನ್ ಮಾತ್ರೆಯಲ್ಲಿ ಇಂಗಾಲದ ಡೈಆಕ್ಸೈಡ್ ಅಡಗಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಹರ್ಮನ್ ಕೋಲ್ಬೆ ಫೀನಾಲಿನ ಸೋಡಿಯಂ ಲವಣದೊಂದಿಗೆ ಈ ಅನಿಲವನ್ನು ಕೂಡಿಸಿ ಸ್ಯಾಲಿಸಿಲಿಕ್ ಆಮ್ಲ ತಯಾರಿಸಿದರು. ಮುಂದೆ ರುಡಾಲ್ಫ್ ಶ್ಮಿಟ್ ಒತ್ತಡ ಹೆಚ್ಚಿಸಿ ಆ ವಿಧಾನವನ್ನು ಕಾರ್ಖಾನೆಗೆ ಒಗ್ಗುವಂತೆ ಸುಧಾರಿಸಿದರು. ಆಸ್ಪಿರಿನ್ನಿನ ಮೂಲವಸ್ತು ಇವತ್ತಿಗೂ ಅದೇ ದಾರಿಯಲ್ಲಿ ಬರುತ್ತದೆ. ಗದ್ದೆಗೆ ಎರಚುವ ಯೂರಿಯಾದ ಕಥೆಯೂ ಇದೇ. ಮಂಗಳೂರಿನ ಪಣಂಬೂರಿನಲ್ಲಾಗಲಿ, ದೇಶದ ಬೇರಾವ ಗೊಬ್ಬರ ಕಾರ್ಖಾನೆಯಲ್ಲಾಗಲಿ, ಒಂದು ಟನ್ ಯೂರಿಯಾ ತಯಾರಾಗಬೇಕಾದರೆ ಅಮೋನಿಯಾದೊಂದಿಗೆ ಸುಮಾರು 730 ಕೆಜಿ ಇಂಗಾಲದ ಡೈಆಕ್ಸೈಡ್ ಬೆರೆಯಲೇಬೇಕು.

ಅಂದರೆ ಈ ಅನಿಲದಿಂದ ಉಪಯುಕ್ತ ವಸ್ತು ಮಾಡುವ ವಿದ್ಯೆ ಮನುಷ್ಯನಿಗೆ ಹೊಸದೇನಲ್ಲ. ಹೊಸದು ಅದರ ಅಗತ್ಯ.

1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಅಣು ಇಂಗಾಲದ ಡೈಆಕ್ಸೈಡ್ ಇತ್ತು. ಕೈಗಾರಿಕಾ ಕ್ರಾಂತಿಗೆ ಮುಂಚೆ ಅದು 280ರ ಆಸುಪಾಸಿನಲ್ಲಿತ್ತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊರಬಿಡುತ್ತಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2019ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಕೈಗಾರಿಕೆಗಳು ಬಳಸಿಕೊಳ್ಳುವುದು ಸುಮಾರು 23 ಕೋಟಿ ಟನ್ ಮಾತ್ರ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಯೂರಿಯಾದ ಪಾಲು. ನೂರರಲ್ಲಿ ಒಂದು ಪಾಲೂ ಇಲ್ಲದ ಈ ಬಳಕೆಯನ್ನು ಹೆಚ್ಚಿಸಲು ಸಾಧ್ಯವೆ, ಹೆಚ್ಚಿಸುವುದಾದರೆ ಯಾರಿಂದ ಕಲಿಯಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಶಕ್ತಿಯ ಲೆಕ್ಕ

ಇಂಗಾಲದ ಡೈಆಕ್ಸೈಡ್ ಎಂಬುದು ಒಲೆಯ ಬೂದಿಯ ಹಾಗೆ. ಉರಿಯುವುದೆಲ್ಲ ಉರಿದು ಮುಗಿದ ಮೇಲೆ ಉಳಿದದ್ದು. ಇಂಗಾಲವು ಎರಡು ಆಮ್ಲಜನಕ ಪರಮಾಣುಗಳನ್ನು ಬಿಗಿಯಾಗಿ ಹಿಡಿದುಕೊಂಡು ನೆಮ್ಮದಿಯಾಗಿ ಕೂತಿರುತ್ತದೆ. ಅದನ್ನು ಮತ್ತೆ ಇಂಧನವಾಗಿಯೋ ಪ್ಲಾಸ್ಟಿಕ್ಕಾಗಿಯೋ ಮಾಡಬೇಕಾದರೆ, ಉರಿದಾಗ ಪಡೆದ ಶಕ್ತಿಯನ್ನು ವಾಪಸು ಕೊಡಬೇಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಕೊಡಬೇಕು.

ಮೆಥನಾಲನ್ನೇ ನೋಡಿ. ಬಣ್ಣ, ಅಂಟು, ಪ್ಲೈವುಡ್, ಪ್ಲಾಸ್ಟಿಕ್ ಉದ್ಯಮಗಳಿಗೆಲ್ಲ ಬೇಕಾದ ದ್ರವ ಅದು. ಒಂದು ಟನ್ ಮೆಥನಾಲಿಗೆ ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡ್, ಸುಮಾರು 190 ಕೆಜಿ ಜಲಜನಕ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆಜಿ ಜಲಜನಕ ಪಡೆಯಲು 50ರಿಂದ 55 ಯೂನಿಟ್ ಖರ್ಚಾಗುತ್ತದೆ. ಒಟ್ಟು ಸುಮಾರು 10,000 ಯೂನಿಟ್ ಆಯಿತು. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯೊಂದು ನಾಲ್ಕು ವರ್ಷ ಉರಿಸಬಹುದಾದ ವಿದ್ಯುತ್ತು ಅದು. ಆ ವಿದ್ಯುತ್ತು ಕಲ್ಲಿದ್ದಲು ಸ್ಥಾವರದಿಂದ ಬಂದದ್ದಾದರೆ, ಯೂನಿಟ್ಟಿಗೆ ಸುಮಾರು ಒಂದು ಕೆಜಿಯಂತೆ ಹತ್ತು ಟನ್ ಹೊಗೆ ಬಿಟ್ಟು 1.4 ಟನ್ ಹೊಗೆಯನ್ನು ಹಿಡಿದಂತಾಗುತ್ತದೆ. ಇಂಗಾಲದ ಮರುಬಳಕೆಯ ಬಗ್ಗೆ ಯಾರೇ ಮಾತಾಡಲಿ, ಈ ಲೆಕ್ಕವನ್ನು ಮೊದಲು ಮುಂದಿಡಬೇಕು.

ಎಲೆಗಳು ಇದೇ ಲೆಕ್ಕವನ್ನು ಕೋಟ್ಯಂತರ ವರ್ಷಗಳಿಂದ ಸರಿತೂಗಿಸುತ್ತ ಬಂದಿವೆ. ಶಕ್ತಿ ಬಿಸಿಲಿನದು, ಜಲಜನಕ ನೀರಿನದು, ಕೆಲಸ ನಡೆಯುವುದು ವಾತಾವರಣದ ಸಾಮಾನ್ಯ ಉಷ್ಣತೆಯಲ್ಲಿ. ಮೆಥನಾಲ್ ಕಾರ್ಖಾನೆಗೆ 200ರಿಂದ 300 ಡಿಗ್ರಿ ಶಾಖ ಬೇಕು, ವಾತಾವರಣದ 50ರಿಂದ 100 ಪಟ್ಟು ಒತ್ತಡವೂ ಬೇಕು. ಎಲೆಗೆ ಇವೆರಡೂ ಬೇಡ.

ರಕ್ತದಲ್ಲಿರುವ ಸತು

ಜೀವಿಗಳು ಇಂಗಾಲದ ಡೈಆಕ್ಸೈಡಿನೊಂದಿಗೆ ವ್ಯವಹರಿಸುವ ರೀತಿಯನ್ನು ಹತ್ತಿರದಿಂದ ನೋಡಲು ನಮ್ಮ ರಕ್ತವೇ ಸಾಕು. ಈ ಅನಿಲ ನೀರಿನೊಂದಿಗೆ ಸೇರಿ ಬೈಕಾರ್ಬೊನೇಟ್ ಆಗುವುದು, ಬೈಕಾರ್ಬೊನೇಟ್ ಮತ್ತೆ ಅನಿಲವಾಗುವುದು ತಾನಾಗಿಯೇ ನಡೆಯುವ ಕ್ರಿಯೆಗಳಾದರೂ ಅವಕ್ಕೆ ಹತ್ತಾರು ಸೆಕೆಂಡುಗಳು ಹಿಡಿಯುತ್ತವೆ. ಶ್ವಾಸಕೋಶದ ಕಿರು ರಕ್ತನಾಳಗಳನ್ನು ರಕ್ತ ಹಾದುಹೋಗಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ಹಾಗಿದ್ದರೆ ಅಷ್ಟರೊಳಗೆ ದೇಹ ಬಿಡಬೇಕಾದ ಅನಿಲ ಹೊರಬೀಳುವುದು ಹೇಗೆ? ಈ ಒಗಟನ್ನು 1933ರಲ್ಲಿ ಕೇಂಬ್ರಿಜ್‌ನ ಮೆಲ್ಡ್ರಮ್ ಮತ್ತು ರೌಟನ್ ಬಿಡಿಸಿದರು. ಕೆಂಪು ರಕ್ತಕಣಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಇರುವುದನ್ನು ಅವರು ಕಂಡುಹಿಡಿದರು. ಅದರೊಳಗೆ ಸತು ಇದೆಯೆಂದು 1940ರಲ್ಲಿ ಕೀಲಿನ್ ಮತ್ತು ಮನ್ ತೋರಿಸಿಕೊಟ್ಟರು.

ಈ ಕಿಣ್ವದ ರಚನೆಯೇ ಸೊಗಸು. ಪ್ರೋಟೀನಿನ ಮಡಿಕೆಗಳ ನಡುವೆ ಒಂದು ಗುಳಿ. ಗುಳಿಯ ತಳದಲ್ಲಿ ಒಂದೇ ಒಂದು ಸತುವಿನ ಅಯಾನು. ಮೂರು ಹಿಸ್ಟಿಡಿನ್ ಘಟಕಗಳು ಅದನ್ನು ಮೂರು ಕಡೆಯಿಂದ ಹಿಡಿದಿವೆ. ನಾಲ್ಕನೆಯ ಕಡೆಗೆ ಒಂದು ನೀರಿನ ಅಣು ಅಂಟುತ್ತದೆ. ಸತುವಿನ ಸೆಳೆತಕ್ಕೆ ಅದು ಒಂದು ಪ್ರೋಟಾನನ್ನು ಬಿಟ್ಟುಕೊಟ್ಟು ಹೈಡ್ರಾಕ್ಸೈಡ್ ಆಗುತ್ತದೆ. ಪಕ್ಕಕ್ಕೆ ಬಂದ ಇಂಗಾಲದ ಡೈಆಕ್ಸೈಡಿನ ಮೇಲೆ ಹೈಡ್ರಾಕ್ಸೈಡ್ ಎರಗುತ್ತದೆ, ಬೈಕಾರ್ಬೊನೇಟ್ ರೂಪುಗೊಂಡು ಕಳಚಿಕೊಳ್ಳುತ್ತದೆ, ಸತುವಿಗೆ ಇನ್ನೊಂದು ನೀರಿನ ಅಣು ಬಂದು ಸೇರುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿನಲ್ಲಿ ಸುಮಾರು ಹತ್ತು ಲಕ್ಷ ಬಾರಿ ನಡೆಯುತ್ತದೆ.

ಈ ಕಿಣ್ವ ಕಾರ್ಖಾನೆಗೂ ಇಳಿದಿದೆ. ಕೆನಡಾದ ಸಿಒಟು ಸಲ್ಯೂಷನ್ಸ್ ಕಂಪನಿ ಶಾಖವನ್ನು ತಡೆದುಕೊಳ್ಳುವ ಅದರ ರೂಪವೊಂದನ್ನು ಬಳಸಿ, ಕ್ವಿಬೆಕ್ ಪ್ರಾಂತ್ಯದ ಸೇಂಟ್ ಫೆಲಿಸಿಯನ್ ಊರಿನ ಕಾಗದದ ತಿರುಳಿನ ಗಿರಣಿಯಲ್ಲಿ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಬೇರ್ಪಡಿಸಿತು. ಬೇರ್ಪಟ್ಟ ಅನಿಲ ಪಕ್ಕದಲ್ಲೇ ಇದ್ದ ಸೌತೆಕಾಯಿಯ ಹಸಿರುಮನೆಗೆ ಹೋಯಿತು. 2020ರಲ್ಲಿ ಈ ತಂತ್ರಜ್ಞಾನವನ್ನು ಇಟಲಿಯ ಸೈಪೆಮ್ ಕೊಂಡುಕೊಂಡಿತು. ಹೊಗೆಯಿಂದ ಅನಿಲ ಹಿಡಿಯಲು ಸಾಮಾನ್ಯವಾಗಿ ಅಮೀನ್ ದ್ರಾವಣಗಳನ್ನು ಬಳಸುತ್ತಾರೆ. ಅವುಗಳಿಂದ ಅನಿಲವನ್ನು ಮರಳಿ ಬಿಡಿಸಲು ಅಪಾರ ಹಬೆ ಬೇಕು. ಕಿಣ್ವವಿದ್ದರೆ ಸಾದಾ ಕಾರ್ಬೊನೇಟ್ ದ್ರಾವಣದಲ್ಲೇ, ಕಡಿಮೆ ಶಾಖದಲ್ಲೇ ಆ ಕೆಲಸ ಆಗುತ್ತದೆ.

ಬರ್ಕ್ಲಿಯ ಗಾಜಿನ ಬುದ್ದಲಿ

ಅನಿಲವನ್ನು ಹಿಡಿಯುವುದು ಅರ್ಧ ಕೆಲಸ. ಅದನ್ನು ಸಕ್ಕರೆಯಾಗಿ ಕಟ್ಟುವ ದಾರಿಯನ್ನು ಗುರುತಿಸಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬಾಶಮ್ ಮತ್ತು ಅವರ ಸಂಗಡಿಗರು. ತೆಳ್ಳನೆಯ, ಚಪ್ಪಟೆಯಾದ, ದುಂಡನೆಯ ಗಾಜಿನ ಬುದ್ದಲಿಯಲ್ಲಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿ. ಎರಡೂ ಬದಿಗೆ ದೀಪ. ಅದಕ್ಕೆ ವಿಕಿರಣಶೀಲ ಇಂಗಾಲ–14 ಇರುವ ಬೈಕಾರ್ಬೊನೇಟ್ ಸೇರಿಸಿ, ಕೆಲವೇ ಸೆಕೆಂಡುಗಳಲ್ಲಿ ಕೆಳಗಿನ ತಿರುಪು ತೆಗೆದರೆ ಪಾಚಿ ನೇರವಾಗಿ ಬಿಸಿ ಆಲ್ಕೊಹಾಲಿಗೆ ಬಿದ್ದು ಅದರೊಳಗಿನ ಕ್ರಿಯೆ ಅಲ್ಲಿಗೇ ನಿಲ್ಲುತ್ತಿತ್ತು. ಆ ರಸವನ್ನು ಕಾಗದದ ಮೇಲೆ ಹರಡಿ, ಎಕ್ಸ್‌–ರೇ ಫಿಲ್ಮಿನ ಕೆಳಗಿಟ್ಟರೆ ಇಂಗಾಲ–14 ಯಾವ ಯಾವ ವಸ್ತುವಿಗೆ ಸೇರಿದೆಯೋ ಅಲ್ಲೆಲ್ಲ ಕಪ್ಪು ಮಚ್ಚೆ ಮೂಡುತ್ತಿತ್ತು. ಸಮಯವನ್ನು ಕಡಿಮೆ ಮಾಡುತ್ತ ಹೋದಂತೆ ಮಚ್ಚೆಗಳೂ ಕಡಿಮೆಯಾಗಿ, ಕೊನೆಗೆ ಮೂರು ಇಂಗಾಲದ ಫಾಸ್ಫೋಗ್ಲಿಸರಿಕ್ ಆಮ್ಲವೇ ಮೊದಲ ಉತ್ಪನ್ನವೆಂದು ಸ್ಪಷ್ಟವಾಯಿತು. 1961ರಲ್ಲಿ ಕ್ಯಾಲ್ವಿನ್ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಈ ಮಾರ್ಗದ ಹೆಬ್ಬಾಗಿಲಲ್ಲಿರುವ ಕಿಣ್ವ ರುಬಿಸ್ಕೋ. ಜೀವಲೋಕಕ್ಕೆ ಸೇರುವ ಇಂಗಾಲದ ಬಹುಪಾಲು ಅದರ ಮೂಲಕವೇ ಬರುತ್ತದೆ. ಆದರೂ ಅದು ಬಹಳ ನಿಧಾನ. ಸೆಕೆಂಡಿಗೆ ಕೆಲವೇ ಅಣುಗಳನ್ನು ಮಾತ್ರ ಅದು ಕಟ್ಟಬಲ್ಲದು. ಜೊತೆಗೆ ಎಷ್ಟೋ ಸಲ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನೇ ಹಿಡಿದು ಗಿಡದ ಶಕ್ತಿಯನ್ನು ಪೋಲು ಮಾಡುತ್ತದೆ. ಆದ್ದರಿಂದ ಪ್ರಕೃತಿಯಿಂದ ಕಲಿಯುವುದೆಂದರೆ ಅದನ್ನು ಅಕ್ಷರಶಃ ನಕಲು ಮಾಡುವುದಲ್ಲ. ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಬೇಕು.

ಆ ವಿವೇಕಕ್ಕೆ ಜರ್ಮನಿಯ ಮಾರ್ಬುರ್ಗ್‌ನ ಮಾಕ್ಸ್ ಪ್ಲಾಂಕ್ ಸಂಸ್ಥೆಯ ಟೋಬಿಯಾಸ್ ಅರ್ಬ್ ಅವರ ತಂಡ ಒಳ್ಳೆಯ ಉದಾಹರಣೆ. 2016ರಲ್ಲಿ ಅವರು ರುಬಿಸ್ಕೋವನ್ನೇ ಬದಿಗಿಟ್ಟು, ಒಂಬತ್ತು ಬೇರೆ ಬೇರೆ ಜೀವಿಗಳಿಂದ 17 ಕಿಣ್ವಗಳನ್ನು ಆಯ್ದು, ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಹೊಸ ಚಕ್ರವೊಂದನ್ನು ಕೊಳವೆಯೊಳಗೆ ಓಡಿಸಿದರು. ಅದರ ಮುಖ್ಯ ಕಿಣ್ವ ರುಬಿಸ್ಕೋಗಿಂತ ವೇಗದ್ದು, ಆಮ್ಲಜನಕದಿಂದ ಮೋಸಹೋಗದಂಥದ್ದು. 2020ರಲ್ಲಿ ಅದೇ ಚಕ್ರವನ್ನು ಪಾಲಕ್ ಸೊಪ್ಪಿನಿಂದ ತೆಗೆದ ಹಸಿರು ಪೊರೆಗಳ ಜೊತೆ ಸೂಕ್ಷ್ಮ ಹನಿಗಳಲ್ಲಿಟ್ಟು ಬೆಳಕಿನ ಬಲದಿಂದಲೇ ನಡೆಸಿದರು.

ಮರುವರ್ಷ, 2021ರಲ್ಲಿ, ಚೀನಾದ ಟಿಯಾಂಜಿನ್ ಕೈಗಾರಿಕಾ ಜೈವಿಕ ತಂತ್ರಜ್ಞಾನ ಸಂಸ್ಥೆ ಇಂಗಾಲದ ಡೈಆಕ್ಸೈಡಿನಿಂದ ಪಿಷ್ಟ ತಯಾರಿಸಿದ ಸುದ್ದಿ ಬಂತು. ಗಿಡದಲ್ಲಿ ಸುಮಾರು 60 ಹಂತ ಹಿಡಿಯುವ ಕೆಲಸವನ್ನು ಅವರು 11 ಮುಖ್ಯ ಹಂತಗಳಿಗೆ ಇಳಿಸಿದ್ದರು. ಮೊದಲ ಹಂತದಲ್ಲಿ ಲೋಹದ ವೇಗವರ್ಧಕದಿಂದ, ಜಲಜನಕ ಸೇರಿಸಿ ಮೆಥನಾಲ್. ಉಳಿದ ಹಂತಗಳೆಲ್ಲ ಕಿಣ್ವಗಳದು. ರಸಾಯನಶಾಸ್ತ್ರ ಚೆನ್ನಾಗಿ ಮಾಡುವುದನ್ನು ರಸಾಯನಶಾಸ್ತ್ರಕ್ಕೆ, ಜೀವಶಾಸ್ತ್ರ ಚೆನ್ನಾಗಿ ಮಾಡುವುದನ್ನು ಜೀವಶಾಸ್ತ್ರಕ್ಕೆ ಬಿಟ್ಟದ್ದೇ ಅದರ ಯಶಸ್ಸು. ಇದು ಇನ್ನೂ ಪ್ರಯೋಗಾಲಯದ ಸಾಧನೆ. ಅಕ್ಕಿ, ಜೋಳಕ್ಕೆ ಪರ್ಯಾಯವೆಂದು ಯಾರೂ ಹಿಗ್ಗಬೇಕಾಗಿಲ್ಲ; ದಾರಿ ಇದೆಯೆಂದು ತೋರಿಸಿದ್ದು ದೊಡ್ಡ ಸಂಗತಿ.

ಉಕ್ಕಿನ ಕಾರ್ಖಾನೆಯ ಸೂಕ್ಷ್ಮಜೀವಿ

ಕಾರ್ಖಾನೆಯ ಮಟ್ಟಕ್ಕೆ ಬೆಳೆದಿರುವ ಜೈವಿಕ ವಿಧಾನ ಬೇರೊಂದು. ಎಲೆ, ಬಿಸಿಲು ಎರಡೂ ಇಲ್ಲದೆ, ಆಮ್ಲಜನಕವೇ ಇಲ್ಲದ ಕತ್ತಲಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡಿನಿಂದ ಶಕ್ತಿ ಪಡೆದು ಇಂಗಾಲವನ್ನು ಕಟ್ಟುತ್ತವೆ. ಈ ಮಾರ್ಗಕ್ಕೆ ಅದನ್ನು ಬಿಡಿಸಿದ ಹಾರ್ಲಂಡ್ ವುಡ್ ಮತ್ತು ಲಾರ್ಸ್ ಯುಂಗ್‌ಡಾಲ್ ಅವರ ಹೆಸರಿದೆ. ಜೀವಲೋಕದ ಅತಿ ಪುರಾತನ ಮಾರ್ಗಗಳಲ್ಲಿ ಇದೂ ಒಂದೆಂದು ಅನೇಕ ವಿಜ್ಞಾನಿಗಳು ನಂಬುತ್ತಾರೆ. ಇದರ ಮುಖ್ಯ ಕಿಣ್ವದ ಒಡಲಲ್ಲಿರುವುದು ನಿಕಲ್, ಕಬ್ಬಿಣ, ಗಂಧಕ. ಪ್ಲಾಟಿನಮ್ ಇಲ್ಲ, ಚಿನ್ನವೂ ಇಲ್ಲ.

ಮೊಲದ ಹಿಕ್ಕೆಯಿಂದ ಬೇರ್ಪಡಿಸಿದ ಇಂಥದ್ದೊಂದು ಬ್ಯಾಕ್ಟೀರಿಯಾವನ್ನು 1994ರಲ್ಲಿ ಬೆಲ್ಜಿಯಂನ ಸಂಶೋಧಕರು ಕ್ಲಾಸ್ಟ್ರಿಡಿಯಮ್ ಆಟೋಎಥನೋಜೆನಮ್ ಎಂದು ಹೆಸರಿಸಿ ವರ್ಣಿಸಿದರು. 2005ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಲಾಂಜಾಟೆಕ್ ಕಂಪನಿ ಅದನ್ನು ಉಕ್ಕಿನ ಕಾರ್ಖಾನೆಯ ಅನಿಲಕ್ಕೆ ಒಗ್ಗಿಸಿತು. 2018ರಲ್ಲಿ ಚೀನಾದ ಹೆಬೆಯ್ ಪ್ರಾಂತ್ಯದ ಶೌಗಾಂಗ್ ಉಕ್ಕಿನ ಕಾರ್ಖಾನೆಯ ಬಳಿ ಮೊದಲ ವಾಣಿಜ್ಯ ಘಟಕ ಶುರುವಾಗಿ ಎಥೆನಾಲ್ ತಯಾರಿಸಿತು. ಅದೇ ವರ್ಷ ಈ ವಿಧಾನದ ಎಥೆನಾಲಿನಿಂದ ತಯಾರಿಸಿದ ಇಂಧನ ಬೆರೆಸಿಕೊಂಡು ವಿಮಾನವೊಂದು ಅಮೆರಿಕದ ಆರ್ಲಾಂಡೊದಿಂದ ಲಂಡನ್ನಿಗೆ ಹಾರಿತು. ಬೆಲ್ಜಿಯಂನ ಘೆಂಟ್‌ನಲ್ಲಿ ಆರ್ಸೆಲರ್‌ಮಿತ್ತಲ್ ಕಾರ್ಖಾನೆಯೂ ಇದೇ ದಾರಿ ಹಿಡಿದಿದೆ. ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ತನ್ನ ತೈಲ ಸಂಸ್ಕರಣಾಗಾರದ ಅನಿಲಕ್ಕೆ ಇದೇ ತಂತ್ರಜ್ಞಾನವನ್ನು ಅಳವಡಿಸಿದೆ. 2022ರಲ್ಲಿ ಇದೇ ಬ್ಯಾಕ್ಟೀರಿಯಾದ ಜೀನುಗಳನ್ನು ಮಾರ್ಪಡಿಸಿ ಅಸಿಟೋನ್ ಮತ್ತು ಐಸೊಪ್ರೊಪನಾಲ್ ಬರಿಸಿದ್ದೂ ಆಯಿತು. ಉಗುರುಬಣ್ಣ ಅಳಿಸುವ ದ್ರವದಲ್ಲಿರುವುದು ಮೊದಲನೆಯದು. ಕೈಗೆ ಹಚ್ಚುವ ಸ್ಯಾನಿಟೈಸರ್‌ಗಳಲ್ಲಿ ಬಳಕೆಯಾಗುವುದು ಎರಡನೆಯದು.

ಒಂದು ಮಾತನ್ನು ಮರೆಯಬಾರದು. ಈ ಘಟಕಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಶಕ್ತಿ ಸಿಗುವುದು ಅನಿಲದಲ್ಲಿ ಈಗಾಗಲೇ ಇರುವ ಮಾನಾಕ್ಸೈಡ್ ಮತ್ತು ಜಲಜನಕದಿಂದ. ಬರೀ ಇಂಗಾಲದ ಡೈಆಕ್ಸೈಡ್ ಕೊಟ್ಟರೆ ಅವೂ ಹಸಿದುಕೊಂಡೇ ಇರುತ್ತವೆ.

ಜಕ್ಕೂರಿನಿಂದ ತೂತ್ತುಕುಡಿಯವರೆಗೆ

ಲೋಹದ ವೇಗವರ್ಧಕಗಳ ದಾರಿಯೂ ಮುಂದುವರಿದಿದೆ. ನೊಬೆಲ್ ಪುರಸ್ಕೃತ ಜಾರ್ಜ್ ಓಲಾ ಮೆಥನಾಲನ್ನು ನಾಳಿನ ಇಂಧನವೆಂದು ಪ್ರತಿಪಾದಿಸಿದವರು. ಅವರ ಹೆಸರಿನ ಘಟಕ ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಆರಂಭವಾಯಿತು. ನೆಲದಾಳದ ಶಾಖದಿಂದ ವಿದ್ಯುತ್ತು ಉತ್ಪಾದಿಸುವ ಸ್ಥಾವರದ ಪಕ್ಕದಲ್ಲೇ ಅದು ಇದ್ದುದರಿಂದ ವಿದ್ಯುತ್ತೂ ಅನಿಲವೂ ಅಲ್ಲೇ ಸಿಕ್ಕವು. ಆ ಘಟಕವನ್ನು ಕಟ್ಟಿದ ಕಂಪನಿಯ ತಂತ್ರಜ್ಞಾನದಿಂದ 2022ರಲ್ಲಿ ಚೀನಾದ ಅನ್ಯಾಂಗ್‌ನಲ್ಲಿ ವರ್ಷಕ್ಕೆ 1,10,000 ಟನ್ ಮೆಥನಾಲ್ ಸಾಮರ್ಥ್ಯದ ಕಾರ್ಖಾನೆ ಎದ್ದಿತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಈ ಕ್ಷೇತ್ರದಲ್ಲಿ ಗಟ್ಟಿ ಪರಂಪರೆಯಿದೆ. ಭಾರತರತ್ನ ಸಿ.ಎನ್.ಆರ್. ರಾವ್ ಅಲ್ಲಿ ಕೃತಕ ದ್ಯುತಿಸಂಶ್ಲೇಷಣೆಯ ಮೇಲೆ ಕೆಲಸ ಮಾಡಿದ್ದಾರೆ. ಪ್ರೊ. ಸೆಬಾಸ್ಟಿಯನ್ ಪೀಟರ್ ಅವರ ಬ್ರೀದ್ ತಂಡ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಮಾಡುವ ವೇಗವರ್ಧಕದೊಂದಿಗೆ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯಲ್ಲಿ 2018ರಲ್ಲಿ ಅಂತಿಮ ಹತ್ತು ತಂಡಗಳ ಸಾಲಿಗೆ ಸೇರಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಇಂಗಾಲದ ಹಿಡಿತ ಹಾಗೂ ಬಳಕೆಗಾಗಿ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿದಾಗ ಒಂದು ಮುಂಬಯಿ ಐಐಟಿಗೆ, ಇನ್ನೊಂದು ಜಕ್ಕೂರಿಗೆ ಬಂತು.

ಆ ಸ್ಪರ್ಧೆಯ ಫಲಿತಾಂಶವೂ ಒಂದು ಪಾಠ. 2021ರಲ್ಲಿ ಗೆದ್ದ ಎರಡೂ ತಂಡಗಳು, ಕಾರ್ಬನ್‌ಬಿಲ್ಟ್ ಮತ್ತು ಕಾರ್ಬನ್‌ಕ್ಯೂರ್, ಕಾಂಕ್ರೀಟಿನವು. ಸುಣ್ಣದಂಶವಿರುವ ವಸ್ತುವಿನೊಂದಿಗೆ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣಕಲ್ಲಾಗುವಾಗ ಶಕ್ತಿ ಕೊಡಬೇಕಾಗಿಲ್ಲ, ಶಾಖವೇ ಹೊರಬರುತ್ತದೆ. ಹಳೆಯ ಮನೆಗಳ ಗಾರೆ ಗೋಡೆ ವರ್ಷಗಟ್ಟಲೆ ಗಾಳಿಯಿಂದ ಈ ಅನಿಲವನ್ನು ಹೀರಿಯೇ ಗಟ್ಟಿಯಾಗುತ್ತದೆ. ಕಪ್ಪೆಚಿಪ್ಪು, ಹವಳಗಳೂ ಕಟ್ಟುವುದು ಅದೇ ಕಾರ್ಬೊನೇಟನ್ನು.

ಐಐಟಿ ಖರಗಪುರದಲ್ಲಿ ಓದಿದ ಇಬ್ಬರು ಯುವಕರು ಕಟ್ಟಿದ ಕಾರ್ಬನ್ ಕ್ಲೀನ್ ಕಂಪನಿಯ ದ್ರಾವಣ, ತಮಿಳುನಾಡಿನ ತೂತ್ತುಕುಡಿಯಲ್ಲಿ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಅನಿಲ ಹಿಡಿದು ಸೋಡಾ ಆಶ್ ತಯಾರಿಕೆಗೆ ಒದಗಿಸುವ ಯೋಜನೆಗೆ ಬಳಕೆಯಾಯಿತು. ಗಾಜು, ಮಾರ್ಜಕ ಪುಡಿಗಳಿಗೆ ಬೇಕಾದದ್ದು ಈ ಸೋಡಾ ಆಶ್. ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ ಎನ್‌ಟಿಪಿಸಿ ದಿನಕ್ಕೆ 10 ಟನ್ ಸಾಮರ್ಥ್ಯದ ಮೆಥನಾಲ್ ಘಟಕವನ್ನು ಕಟ್ಟಿ, ಹೊಗೆಯ ಅನಿಲದಿಂದ ಮೆಥನಾಲ್ ತೆಗೆದಿದೆ.

ಎಲ್ಲಿಗೆ ಹೋಗುತ್ತದೆ ಈ ಇಂಗಾಲ?

ಉತ್ಪನ್ನದ ಆಯುಷ್ಯವನ್ನೂ ಕೇಳಬೇಕು. ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿನ ಕಿಣ್ವಗಳು ಅದನ್ನು ಒಡೆದು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತವೆ. ಮೆಥನಾಲನ್ನು ಉರಿಸಿದ ದಿನವೇ ಅದರ ಇಂಗಾಲ ವಾಪಸು. ಜರ್ಮನಿಯ ಕೊವೆಸ್ಟ್ರೊ ಕಂಪನಿ 2016ರಿಂದ ಡೋರ್ಮಾಗನ್‌ನಲ್ಲಿ ಹಾಸಿಗೆಯ ಫೋಮಿಗಾಗಿ ತಯಾರಿಸುವ ಪಾಲಿಯಾಲ್‌ನಲ್ಲಿ ಐದನೇ ಒಂದು ಭಾಗದವರೆಗೂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದು ವರ್ಷಗಟ್ಟಲೆ ಹಾಸಿಗೆಯಲ್ಲೇ ಉಳಿಯುತ್ತದೆ. ಕಾಂಕ್ರೀಟಿನಲ್ಲಿ ಸೇರಿದ್ದು ತಲೆಮಾರುಗಟ್ಟಲೆ ಅಲ್ಲೇ ಇರುತ್ತದೆ. ಇಂಗಾಲದ ಮರುಬಳಕೆ ಹೊಗೆಯನ್ನೇ ನಿಲ್ಲಿಸಿಬಿಡುವುದಿಲ್ಲ. ನೆಲದಿಂದ ಹೊಸ ತೈಲ, ಹೊಸ ಅನಿಲ ತೆಗೆಯುವ ಅಗತ್ಯವನ್ನು ತಗ್ಗಿಸುವುದೇ ಅದರ ನಿಜವಾದ ಪ್ರಯೋಜನ. ಬಿಸಿಲು, ಗಾಳಿಗಳಿಂದ ವಿದ್ಯುತ್ತು ಮಾಡಬಹುದು. ಪ್ಲಾಸ್ಟಿಕ್, ಔಷಧಿ, ಬಣ್ಣಗಳಿಗೆ ಇಂಗಾಲವೇ ಬೇಕು. ಆ ಇಂಗಾಲ ಎಲ್ಲಿಂದಲಾದರೂ ಬರಬೇಕಲ್ಲ.

ಕರ್ನಾಟಕದ ಮಟ್ಟಿಗೆ ಅದು ಎಲ್ಲಿಂದ ಬರಬೇಕೆಂಬುದಕ್ಕೆ ಉತ್ತರ ಕಣ್ಣೆದುರೇ ಇದೆ: ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಕಾಕಂಬಿ ಅಥವಾ ಕಬ್ಬಿನ ರಸವನ್ನು ಯೀಸ್ಟ್ ಹುದುಗಿಸುವಾಗ ಒಂದು ಅಣು ಎಥೆನಾಲಿಗೆ ಒಂದು ಅಣು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್ ಎಥೆನಾಲ್ ತೆಗೆಯುವ ಘಟಕದಿಂದ ಸುಮಾರು 75 ಟನ್. ಕಲ್ಲಿದ್ದಲಿನ ಹೊಗೆಯಲ್ಲಿ ಈ ಅನಿಲ ಏಳರಲ್ಲಿ ಒಂದು ಪಾಲಿನಷ್ಟಿದ್ದು, ಉಳಿದದ್ದು ಹೆಚ್ಚಾಗಿ ಸಾರಜನಕ; ಅದನ್ನು ಬೇರ್ಪಡಿಸುವುದೇ ದೊಡ್ಡ ಖರ್ಚು. ಹುದುಗುವ ತೊಟ್ಟಿಯಿಂದ ಬರುವುದು ಬಹುತೇಕ ಶುದ್ಧ ಅನಿಲ. ಅದರ ಇಂಗಾಲವೂ ಕಬ್ಬಿನ ಎಲೆ ಗಾಳಿಯಿಂದ ಹೀರಿದ್ದೇ, ನೆಲದಾಳದ್ದಲ್ಲ. ಸ್ವಲ್ಪ ಭಾಗವನ್ನು ಒತ್ತಿ ತುಂಬಿ ತಂಪು ಪಾನೀಯ, ಒಣ ಮಂಜುಗಡ್ಡೆಗೆ ಮಾರುವ ಕಡೆಗಳೂ ಇವೆ. ಮಾರದೆ ಉಳಿದದ್ದು ಗಾಳಿಗೆ.

ಆ 75 ಟನ್ನನ್ನೂ ಮೆಥನಾಲ್ ಮಾಡಿದರೆ ದಿನಕ್ಕೆ ಸುಮಾರು 54 ಟನ್ ಸಿಗಬಹುದು. ಅದಕ್ಕೆ ಬೇಕಾದ ಜಲಜನಕ ಸುಮಾರು 10 ಟನ್. ವಿದ್ಯುತ್ತು ಸುಮಾರು ಐದೂವರೆ ಲಕ್ಷ ಯೂನಿಟ್. ಬಿಸಿಲಿನಿಂದಲೇ ಅಷ್ಟೂ ಬರಬೇಕೆಂದರೆ 100 ಮೆಗಾವಾಟ್ ಆಸುಪಾಸಿನ ಸೌರ ಘಟಕ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ನಾಡು ಕಟ್ಟಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಅಂದರೆ ಈ ಕೆಲಸ ನಾಡಿನ ಅಳವಿಗೆ ಮೀರಿದ್ದಲ್ಲ. ಇವತ್ತಿನ ದರದಲ್ಲಿ ಹೀಗೆ ಬಂದ ಮೆಥನಾಲ್ ದುಬಾರಿಯೇ. ಎಲೆಕ್ಟ್ರೊಲೈಸರ್ ಮತ್ತು ಜಲಜನಕದ ಬೆಲೆ ಇಳಿಯಬೇಕು, ವೇಗವರ್ಧಕಗಳು ಇನ್ನೂ ತಗ್ಗಿದ ಶಾಖದಲ್ಲಿ ಕೆಲಸ ಮಾಡಬೇಕು. ಕಿಣ್ವಗಳಿಂದ ಕಲಿಯಬೇಕಾದ ಪಾಠ ಬಾಕಿ ಇರುವುದು ಅಲ್ಲೇ.

ಆದ್ದರಿಂದ ಈ ವೇದಿಕೆಯಿಂದ ಎರಡು ಕೋರಿಕೆಗಳು. ಮೊದಲನೆಯದು ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳಿಗೆ ಮತ್ತು ಸರ್ಕಾರಕ್ಕೆ: ಒಂದಾದರೂ ಡಿಸ್ಟಿಲರಿಯ ಅಂಗಳದಲ್ಲಿ, ಜಕ್ಕೂರಿನ ಕೇಂದ್ರದಂಥ ಸಂಸ್ಥೆಯ ಜೊತೆ ಸೇರಿ, ಹುದುಗಿನ ಅನಿಲವನ್ನು ಸೌರ ಜಲಜನಕದೊಂದಿಗೆ ಕೂಡಿಸುವ ಪ್ರಾತ್ಯಕ್ಷಿಕೆ ಘಟಕ ಕಟ್ಟಿ. ಅದರ ಖರ್ಚು, ಇಳುವರಿ, ವಿದ್ಯುತ್ತಿನ ಲೆಕ್ಕವನ್ನು ಕಬ್ಬು ಬೆಳೆಗಾರರೂ ಓದುವಂತೆ ಕನ್ನಡದಲ್ಲಿ ಪ್ರಕಟಿಸಿ. ಎರಡನೆಯದು ವಿದ್ಯಾರ್ಥಿಗಳಿಗೆ: ಈ ಕ್ಷೇತ್ರದಲ್ಲಿ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ವಿದ್ಯುತ್ ಎಂಜಿನಿಯರಿಂಗ್ ಮೂರೂ ತಿಳಿದವರು ಬಹಳ ಕಡಿಮೆ. ನಿಮ್ಮ ವಿಭಾಗದ ಗೋಡೆ ದಾಟಿ ಪಕ್ಕದ ಪ್ರಯೋಗಾಲಯಕ್ಕೆ ಹೋಗಿ ಕಲಿಯಿರಿ. ಇಂಗಾಲವನ್ನು ಇಂಧನ ಮಾಡುತ್ತೇವೆಂದು ಯಾವ ಕಂಪನಿ ಬಂದರೂ, ಜಲಜನಕ ಎಲ್ಲಿಂದ ಬಂತು, ವಿದ್ಯುತ್ತು ಯಾವುದರಿಂದ ಬಂತು, ಇಂಗಾಲ ಎಷ್ಟು ದಿನ ಹಿಡಿತದಲ್ಲಿರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ.